ಮಕ್ಕಳ ತಲೆಯಲ್ಲಿ ಹೇನು, ಹೊಟ್ಟು, ಹುಳುಕಡ್ಡಿ: ಮೊದಲು ನೋಡಿ, ಆಮೇಲೆ ಹಚ್ಚಿ

"ಹೇನಿನ ಔಷಧಿ ಮೂರು ಸಲ ಹಚ್ಚಿದ್ದಾಯಿತು, ಮತ್ತೆ ಬಂತು." "ಎರಡು ತಿಂಗಳಿಂದ ಹೊಟ್ಟಿನ ಶಾಂಪೂ ಹಾಕುತ್ತಿದ್ದೇನೆ, ಈಗ ಕೂದಲೇ ಉದುರುತ್ತಿದೆ." ಮಕ್ಕಳಿರುವ ಮನೆಗಳಲ್ಲಿ ಈ ಎರಡು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಎಷ್ಟೋ ಸಲ ಔಷಧಿಯಲ್ಲಿ ದೋಷವಿರುವುದಿಲ್ಲ. ತಪ್ಪುವುದು ಕ್ರಮ. ಮಗು ತಲೆ ಕೆರೆದುಕೊಂಡ ಕೂಡಲೇ ನಮ್ಮ ಕೈ ಎಣ್ಣೆ ಬಾಟಲಿಗೆ ಹೋಗುತ್ತದೆ. ಏನಾಗಿದೆ ಎಂದು ನೋಡುವುದು ಆಮೇಲೆ.

ನನ್ನ ತಂಗಿಯ ಮಗನಿಗೆ ಆರು ವರ್ಷವಿದ್ದಾಗ ನೆತ್ತಿಯ ಮೇಲೆ ನಾಣ್ಯದಷ್ಟು ಜಾಗದಲ್ಲಿ ಹೊಟ್ಟು ಕಾಣಿಸಿತು. ಎಣ್ಣೆ ಹಚ್ಚಿದೆವು. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚಿದೆವು. ಕೆರೆತ ನಿಂತಿತು, ನಮಗೂ ನಿರಾಳವಾಯಿತು. ಏಳನೇ ವಾರಕ್ಕೆ ಆ ಜಾಗ ಮೆತ್ತಗೆ ಊದಿಕೊಂಡು ಕೀವು ಸೋರತೊಡಗಿತು. ಅದು ಹೊಟ್ಟಾಗಿರಲಿಲ್ಲ, ಹುಳುಕಡ್ಡಿ ಎಂಬ ಫಂಗಸ್ ಸೋಂಕು. ಇವತ್ತಿಗೂ ಅವನ ನೆತ್ತಿಯಲ್ಲಿ ಅಷ್ಟು ಜಾಗದಲ್ಲಿ ಕೂದಲಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

## ಹಂತ 1: ಎಣ್ಣೆ ಹಾಕುವ ಮೊದಲು ತಲೆ ನೋಡಿ

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒತ್ತು ಹಲ್ಲಿನ ಹೇನಿನ ಬಾಚಣಿಗೆ (ಕೆಲವು ಕಡೆ ಇದಕ್ಕೆ ಸೀರಣಿಗೆ ಎನ್ನುತ್ತಾರೆ), ಸಾಧಾರಣ ಬಾಚಣಿಗೆ ಒಂದು, ನಾಲ್ಕು ಕ್ಲಿಪ್, ಒಂದು ಬಿಳಿ ಬಟ್ಟೆ, ಮೊಬೈಲ್. ಹೇನಿನ ಬಾಚಣಿಗೆ ಲೋಹದ್ದಾದರೆ ಒಳ್ಳೆಯದು. ಪ್ಲಾಸ್ಟಿಕ್ಕಿನ ಹಲ್ಲುಗಳು ಬಾಗಿಬಿಡುತ್ತವೆ, ಸೀರು (ಹೇನಿನ ಮೊಟ್ಟೆ) ನಡುವೆ ನುಸುಳಿ ಹೋಗುತ್ತದೆ.

ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಾಕಬೇಡಿ. ಎಣ್ಣೆ ಹಚ್ಚಿದ ತಲೆಯಲ್ಲಿ ಹೊಟ್ಟು ಅಂಟಿಕೊಂಡು ಮಾಯವಾಗುತ್ತದೆ, ತಲೆಯ ಚರ್ಮದ ನಿಜವಾದ ಬಣ್ಣ ಕಾಣುವುದಿಲ್ಲ. ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಮಗುವನ್ನು ಕೂರಿಸಿ. ಮನೆಯೊಳಗಿನ ಬಲ್ಬಿನ ಬೆಳಕು ಸಾಲದು.

ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಒಂದೊಂದೇ ಭಾಗ ಬಿಚ್ಚಿ, ಬೆರಳಗಲಕ್ಕೊಂದು ಬೈತಲೆ ತೆಗೆಯುತ್ತಾ ಬುಡ ನೋಡಿ. ಕಿವಿಯ ಹಿಂದೆ ಮತ್ತು ಹೆಕ್ಕತ್ತಿನ ಹತ್ತಿರ ಜಾಸ್ತಿ ಹೊತ್ತು ಕೊಡಿ. ಆಮೇಲೆ ಕತ್ತಿನ ಹಿಂಭಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಬಟಾಣಿಯಂಥ ಗಂಟು ಸಿಗುತ್ತದೆಯೇ ಎಂದು. ಅನುಮಾನ ಬಂದ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ವಾರದ ನಂತರ ಹೋಲಿಸಿ ನೋಡಲು ಅದೇ ಆಧಾರ.

## ಹಂತ 2: ಕಂಡದ್ದು ಏನು ಎಂದು ಗುರುತಿಸಿ

ಮೊದಲು ಮಗುವಿನ ವಯಸ್ಸು ನೋಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ದೊಡ್ಡವರಿಗೆ ಬರುವ ಮಾಮೂಲಿ ಹೊಟ್ಟು ಎರಡು ವರ್ಷದಿಂದ ಹರೆಯದವರೆಗಿನ ಮಕ್ಕಳಲ್ಲಿ ಅಪರೂಪ. ಐದಾರು ವರ್ಷದ ಮಗುವಿಗೆ ಹೊಟ್ಟು ಕಾಣಿಸಿದರೆ, ಅದರಲ್ಲೂ ಒಂದೇ ಕಡೆ ಕಾಣಿಸಿದರೆ, ಮೊದಲು ಹುಳುಕಡ್ಡಿಯ ಅನುಮಾನ ಪಡಬೇಕು. ಹೊಟ್ಟಿನ ಶಾಂಪೂ ತರಲು ಓಡಬಾರದು.

ಬಿಳಿ ಚುಕ್ಕೆ ಕಂಡರೆ ಉಗುರಿನಿಂದ ಜಾರಿಸಿ ನೋಡಿ. ಸುಲಭವಾಗಿ ಉದುರಿದರೆ ಹೊಟ್ಟು. ಕೂದಲಿಗೆ ಅಂಟಿಕೊಂಡು ಕೂತು, ಎಳೆದರೂ ಜಾರದಿದ್ದರೆ ಸೀರು.

ಕೂದಲು ಹೋದ ಜಾಗವಿದ್ದರೆ ಅಲ್ಲಿನ ಚರ್ಮ ನೋಡಿ. ಹೊಟ್ಟು, ಮುರಿದ ಕೂದಲ ಮೋಟು, ಕಪ್ಪು ಚುಕ್ಕೆಗಳು ಇದ್ದರೆ ಹುಳುಕಡ್ಡಿ ಇರಬಹುದು. ನುಣ್ಣಗೆ, ಹೊಟ್ಟಿಲ್ಲದೆ, ಕೆರೆತವಿಲ್ಲದೆ ಇದ್ದರೆ ಅದು ಬೇರೆ ಕಾಯಿಲೆ, ಹಂತ 7ರಲ್ಲಿ ಹೇಳಿದ್ದೇನೆ. ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ ಕೀವಿನ ಸೋಂಕು. ಬೆಳ್ಳಿಯಂತೆ ಹೊಳೆಯುವ ದಪ್ಪ ಪದರ ಹಣೆಯ ಅಂಚಿನಾಚೆಗೂ ಬಂದು, ಮೊಣಕೈ ಮೊಣಕಾಲಿನಲ್ಲೂ ಇದ್ದರೆ ಸೋರಿಯಾಸಿಸ್ ಆಗಿರಬಹುದು. ಅದಕ್ಕೆ ಮನೆಯಲ್ಲಿ ಏನೂ ಮಾಡದೆ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಒಂದೇ ತಲೆಯಲ್ಲಿ ಎರಡು ತೊಂದರೆ ಇರುವುದೂ ಉಂಟು. ಹೇನಿನ ಕೆರೆತದಿಂದ ಗಾಯವಾಗಿ ಕೀವು ಕಟ್ಟುವುದಂತೂ ಬಹಳ ಸಾಮಾನ್ಯ. ಹಾಗಿದ್ದರೆ ಮೊದಲು ಕೀವಿಗೆ ಚಿಕಿತ್ಸೆ, ಆಮೇಲೆ ಹೇನಿನ ಲೋಷನ್. ಹಸಿ ಗಾಯದ ಮೇಲೆ ಲೋಷನ್ ಸುರಿಯಬೇಡಿ.

## ಹಂತ 3: ಹೇನು, ಎರಡು ವಾರದ ಕೆಲಸ

ಹೇನು ಯಾಕೆ ಮರಳಿ ಬರುತ್ತದೆ ಎಂದು ತಿಳಿಯಲು ಅದರ ಲೆಕ್ಕ ಗೊತ್ತಿರಬೇಕು. ಬೆಳೆದ ಹೇನು ಎಳ್ಳಿನಷ್ಟು, 2ರಿಂದ 3 ಮಿಲಿಮೀಟರ್. ತಲೆಯ ಮೇಲೆ ಸುಮಾರು ಒಂದು ತಿಂಗಳು ಬದುಕುತ್ತದೆ. ಹೆಣ್ಣು ಹೇನು ದಿನಕ್ಕೆ ಎಂಟರವರೆಗೂ ಸೀರು ಇಡುತ್ತದೆ. ಸೀರು ಒಡೆಯಲು 7ರಿಂದ 10 ದಿನ ಬೇಕು. ಹೊರಬಂದ ಮರಿ ಬೆಳೆದು ತಾನೂ ಸೀರು ಇಡಲು ಮತ್ತೆ 9ರಿಂದ 12 ದಿನ. ಲೋಷನ್ ಹೇನನ್ನು ಕೊಲ್ಲುತ್ತದೆ, ಎಲ್ಲ ಸೀರನ್ನೂ ಕೊಲ್ಲುವುದಿಲ್ಲ. ಅಂದರೆ ಮೊದಲ ಸಲ ಹಚ್ಚಿದಾಗ ಉಳಿದ ಸೀರು ಒಡೆದು ಮರಿ ಬಂದ ಮೇಲೆ, ಆ ಮರಿ ಬೆಳೆಯುವ ಮೊದಲು, ಎರಡನೇ ಸಲ ಹಚ್ಚಬೇಕು. ಆ ದಿನ ಸುಮಾರಾಗಿ ಒಂಬತ್ತನೆಯದು. ಮೂರನೇ ದಿನ ಹಚ್ಚಿದರೆ ವ್ಯರ್ಥ. ತಿಂಗಳು ಬಿಟ್ಟು ಹಚ್ಚಿದರೆ ಹೊಸ ಸೀರು ಆಗಲೇ ಕೂತಿರುತ್ತದೆ.

ಮೊದಲ ದಿನ. ಮನೆಯವರೆಲ್ಲರ ತಲೆ ನೋಡಿ. ಅಜ್ಜಿಯದೂ, ಅಪ್ಪನದೂ. ಜೀವಂತ ಹೇನು ಸಿಕ್ಕವರಿಗೆಲ್ಲ ಒಂದೇ ದಿನ ಚಿಕಿತ್ಸೆ ಮಾಡಿ. ಮಗುವಿಗೆ ಹಚ್ಚಿ, ಪಕ್ಕದಲ್ಲಿ ಮಲಗುವ ಅಕ್ಕನನ್ನು ಬಿಟ್ಟರೆ ಹತ್ತು ದಿನದಲ್ಲಿ ಮತ್ತೆ ಅದೇ ಕಥೆ. ಮೊದಲ ಸಲ ಹೇನು ಹತ್ತಿದಾಗ ಕೆರೆತ ಶುರುವಾಗಲು ನಾಲ್ಕಾರು ವಾರ ಹಿಡಿಯಬಹುದು. "ನನಗೆ ಕೆರೆತವಿಲ್ಲ" ಎಂಬ ಮಾತು ನಂಬಬೇಡಿ, ಬಾಚಿ ನೋಡಿ.

ಲೋಷನ್ ಕೊಳ್ಳುವಾಗ ಲೇಬಲ್ ಓದಿ. ಹೇನಿಗೆ ಬೇಕಾದದ್ದು 1% ಪರ್ಮೆಥ್ರಿನ್. 5% ಇರುವುದು ಕಜ್ಜಿಗೆ. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಹಚ್ಚಲೇಬಾರದು. ಎರಡು ವರ್ಷದೊಳಗಿನ ಮಗುವಾದರೆ ಡಾಕ್ಟರನ್ನು ಕೇಳಿ ಹಚ್ಚಿ.

ಸಾಧಾರಣ ಶಾಂಪೂವಿನಿಂದ ತಲೆ ತೊಳೆಯಿರಿ, ಕಂಡಿಷನರ್ ಬೇಡ. ಟವೆಲಿನಿಂದ ಒರೆಸಿ, ಕೂದಲು ಹಸಿಯಾಗಿರಲಿ, ನೀರು ತೊಟ್ಟಿಕ್ಕಬಾರದು. ಲೋಷನ್ನನ್ನು ಬುಡದಿಂದ ತುದಿಯವರೆಗೆ, ಕಿವಿಯ ಹಿಂದೆ, ಹೆಕ್ಕತ್ತಿಗೆ ಹಚ್ಚಿ. ಮಗು ಕಣ್ಣಿಗೆ ಬಟ್ಟೆ ಒತ್ತಿ ಹಿಡಿದುಕೊಳ್ಳಲಿ. ಗಡಿಯಾರ ನೋಡಿ ಹತ್ತು ನಿಮಿಷ. ರಾತ್ರಿಯಿಡೀ ಬಿಟ್ಟರೆ ಜಾಸ್ತಿ ಕೆಲಸ ಮಾಡುತ್ತದೆ ಎಂಬುದು ತಪ್ಪು, ಚರ್ಮ ಉರಿಯುತ್ತದೆ ಅಷ್ಟೇ. ತಲೆ ಬಗ್ಗಿಸಿ ಸಿಂಕಿನಲ್ಲೋ ಬಕೆಟ್ ಮುಂದೆಯೋ ತೊಳೆಯಿರಿ, ಔಷಧಿ ಮೈಮೇಲೆಲ್ಲ ಹರಿಯಬಾರದು. ಮುಂದಿನ ಒಂದೆರಡು ದಿನ ಶಾಂಪೂ ಹಾಕಬೇಡಿ.

ಎಂಟು ಹತ್ತು ಗಂಟೆ ಕಳೆದ ಮೇಲೆ. ಬಾಚಿ ನೋಡಿ. ಹೇನು ಸತ್ತಿದ್ದರೆ ಅಥವಾ ಮಂಕಾಗಿ ತೆವಳುತ್ತಿದ್ದರೆ ಔಷಧಿ ಕೆಲಸ ಮಾಡಿದೆ. ಮೊದಲಿನಷ್ಟೇ ಚುರುಕಾಗಿ ಓಡುತ್ತಿದ್ದರೆ ಆ ಔಷಧಿಗೆ ಅವು ಬಗ್ಗುತ್ತಿಲ್ಲ. ಅದನ್ನೇ ಮತ್ತೆ ಮತ್ತೆ ಹಚ್ಚುವುದರಲ್ಲಿ ಅರ್ಥವಿಲ್ಲ, ಡಾಕ್ಟರನ್ನು ಕೇಳಿ ಬೇರೆ ಔಷಧಿ ತನ್ನಿ.

5ನೇ, 9ನೇ, 13ನೇ ದಿನ. ಒದ್ದೆ ಕೂದಲನ್ನು ಬಾಚುವ ಕೆಲಸ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಸೋಲುವುದೂ ಇಲ್ಲೇ. ಒದ್ದೆ ಕೂದಲಿಗೆ ಧಾರಾಳವಾಗಿ ಕಂಡಿಷನರ್ ಹಚ್ಚಿ, ಮೊದಲು ಸಾಧಾರಣ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ನಂತರ ಹೇನಿನ ಬಾಚಣಿಗೆಯನ್ನು ಬುಡಕ್ಕೆ ತಾಗಿಸಿ ತುದಿಯವರೆಗೆ ಎಳೆಯಿರಿ. ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಉದ್ದ ಕೂದಲಿಗೆ ಅರ್ಧ ಗಂಟೆ ಬೇಕಾಗುತ್ತದೆ. ಕಂಡಿಷನರ್ ಇಲ್ಲದಿದ್ದರೆ ಕೊಬ್ಬರಿ ಎಣ್ಣೆಯೂ ಆದೀತು. ಎಣ್ಣೆಯಿಂದ ಹೇನು ಪೂರ್ತಿ ಸಾಯುವುದಿಲ್ಲ, ಆದರೆ ಓಟ ನಿಧಾನವಾಗಿ ಬಾಚಣಿಗೆಗೆ ಸಿಗುತ್ತದೆ. 9ನೇ ದಿನ ಎರಡನೇ ಸಲ ಲೋಷನ್ ಹಚ್ಚಿ. ಆ ದಿನದ ಕ್ರಮ ತಪ್ಪಿಸಬೇಡಿ: ಮೊದಲು ಲೋಷನ್, ತೊಳೆದ ಮೇಲೆ ಬರೀ ಬಾಚುವುದು. ಕಂಡಿಷನರ್, ಎಣ್ಣೆ ಎರಡೂ ಅಂದು ಬೇಡ.

17ನೇ ದಿನ. ಕೊನೆಯ ತಪಾಸಣೆ. ಜೀವಂತ ಹೇನು ಇಲ್ಲದಿದ್ದರೆ ಮುಗಿಯಿತು. ಬುಡದಿಂದ ಒಂದು ಸೆಂಟಿಮೀಟರ್ ಮೇಲೆ ಅಂಟಿರುವ ಸೀರು ಸಾಮಾನ್ಯವಾಗಿ ಒಡೆದು ಖಾಲಿಯಾದದ್ದು. ಅದನ್ನು ನೋಡಿ ಮತ್ತೆ ಔಷಧಿ ಹಚ್ಚಬೇಡಿ.

ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹತ್ತುತ್ತದೆ. ತಲೆ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಹಾಗಾಗಿ ಇಡೀ ಮನೆಗೆ ಔಷಧಿ ಸಿಂಪಡಿಸಬೇಕಿಲ್ಲ. ಎರಡು ದಿನದಿಂದ ಬಳಸಿದ ದಿಂಬಿನ ಕವರ್, ಟವೆಲ್, ರಿಬ್ಬನ್ನುಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಬಾಚಣಿಗೆಯನ್ನು ಬಿಸಿ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ.

ಈಗ ಮಾಡಲೇಬಾರದ ಕೆಲಸಗಳು. ಸೀತಾಫಲದ ಬೀಜದ ಪುಡಿ ನಮ್ಮ ಊರುಗಳಲ್ಲಿ ಹಳೆಯ ಮದ್ದು. ಆ ಪುಡಿ ಕಣ್ಣಿಗೆ ತಾಗಿದರೆ ಕರಿಗುಡ್ಡೆಯ ಮೇಲಿನ ಪೊರೆ ಸುಟ್ಟಂತಾಗುತ್ತದೆ, ಕಣ್ಣು ಕೆಂಪಾಗಿ ಬಿಡಲಾಗದಷ್ಟು ನೋವು ಬರುತ್ತದೆ. ತಾಗಿದರೆ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತಲೇ ಇರಿ, ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಕರ್ಪೂರ ಕರಗಿಸಿದ ಎಣ್ಣೆ ಚಿಕ್ಕ ಮಕ್ಕಳಿಗೆ ಅಪಾಯ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಕೆರೆದು ಗಾಯವಾದ ಚರ್ಮದಿಂದಲೂ ಒಳಗೆ ಸೇರುತ್ತದೆ. ಸೀಮೆಎಣ್ಣೆ, ಜಿರಲೆ ಚಾಕ್, ಹೊಲಕ್ಕೆ ಹೊಡೆಯುವ ಔಷಧಿ, ಇವು ತಲೆಯ ಹತ್ತಿರವೂ ಬರಬಾರದು. ಮಗು ಕರ್ಪೂರವನ್ನೋ ಸೀಮೆಎಣ್ಣೆಯನ್ನೋ ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ.

## ಹಂತ 4: ಹುಳುಕಡ್ಡಿ, ಬರೀ ಮುಲಾಮಿನಿಂದ ಹೋಗದು

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಗಜಕರ್ಣ ಎನ್ನುತ್ತಾರೆ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಲ್ಲ, ಫಂಗಸ್. ಮೈಮೇಲೆ ಬಂದರೆ ಎಷ್ಟೋ ಸಲ ಮುಲಾಮಿನಲ್ಲೇ ಹೋಗುತ್ತದೆ. ತಲೆಯಲ್ಲಿ ಬಂದರೆ ಹೋಗುವುದಿಲ್ಲ. ಕಾರಣ ಸರಳ: ಇಲ್ಲಿ ಫಂಗಸ್ ಕೂದಲಿನ ಒಳಗೆ, ಬುಡದ ಆಳದಲ್ಲಿ ಕೂತಿರುತ್ತದೆ. ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುವುದೇ ಇಲ್ಲ. ಹೊಟ್ಟೆಗೆ ಕೊಡುವ ಔಷಧಿಯೇ ಬೇಕು.

1. ಮೊದಲು ಪರೀಕ್ಷೆ. ಚರ್ಮದ ಡಾಕ್ಟರ್ ಸ್ವಲ್ಪ ಹೊಟ್ಟು ಮತ್ತು ಮುರಿದ ಕೂದಲ ಮೋಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಬಹುದು. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಮಕ್ಕಳ ಚರ್ಮದ ಫಂಗಸ್ ನೋಡುತ್ತದೆ. ಅವರು ಬಂದ ದಿನ ಮಗುವಿನ ತಲೆ ತೋರಿಸಿ ಎಂದು ಟೀಚರಿಗೆ ಹೇಳಿಡಿ.

2. ಔಷಧಿ ಪೂರ್ತಿ ಕೊಡಿ. ಗ್ರೈಸಿಯೋಫುಲ್ವಿನ್ ಆದರೆ ಸಾಮಾನ್ಯವಾಗಿ 6ರಿಂದ 8 ವಾರ, ಟರ್ಬಿನಾಫಿನ್ ಆದರೆ ಸುಮಾರು 4 ವಾರ. ಪ್ರಮಾಣ ಮಗುವಿನ ತೂಕದ ಮೇಲೆ ನಿಲ್ಲುತ್ತದೆ, ಹಾಗಾಗಿ ಪಕ್ಕದ ಮನೆಯ ಮಗುವಿಗೆ ಬರೆದ ಚೀಟಿ ನಿಮಗೆ ಆಗುವುದಿಲ್ಲ. ಗ್ರೈಸಿಯೋಫುಲ್ವಿನ್ನನ್ನು ಹಾಲು ಅಥವಾ ತುಪ್ಪ ಹಾಕಿದ ಊಟದ ಜೊತೆ ಕೊಡಿ. ಜಿಡ್ಡಿದ್ದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಬರೀ ನೀರಿನಲ್ಲಿ ನುಂಗಿಸಿ ಗುಣವಾಗಲಿಲ್ಲ ಎನ್ನುವವರು ಎಷ್ಟೋ ಜನ.

3. ಡಾಕ್ಟರ್ ಬರೆದುಕೊಟ್ಟರೆ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಮೂರು ಸಲ ಹಾಕಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಕಾಯಿಲೆ ವಾಸಿಯಾಗುವುದು ಮಾತ್ರೆಯಿಂದ. ಶಾಂಪೂ ಇರುವುದು ಬೇರೆಯವರಿಗೆ ಹರಡದಿರಲಿ ಎಂದು.

4. ಮನೆಯ ಉಳಿದ ಮಕ್ಕಳ ತಲೆ ನೋಡಿ. ಬೆಕ್ಕು, ನಾಯಿಮರಿ ಇದ್ದರೆ ಅವುಗಳ ಮೈಯಲ್ಲಿ ಕೂದಲುದುರಿದ ಜಾಗವಿದೆಯೇ ನೋಡಿ, ಇದ್ದರೆ ಪಶುವೈದ್ಯರಿಗೆ ತೋರಿಸಿ. ಬಾಚಣಿಗೆ, ಟೋಪಿ, ಟವೆಲ್ ಬೇರೆ ಮಾಡಿ.

ಔಷಧಿ ಶುರುವಾದ ಕೆಲವು ದಿನಕ್ಕೆ ಕಿವಿಯ ಸುತ್ತ, ಕತ್ತಿನ ಮೇಲೆ ಸಣ್ಣ ಕೆರೆತದ ಗುಳ್ಳೆಗಳು ಏಳಬಹುದು. ಔಷಧಿ ಒಗ್ಗಲಿಲ್ಲ ಎಂದು ಹೆದರಿ ಅರ್ಧಕ್ಕೆ ನಿಲ್ಲಿಸುವವರು ಬಹಳ. ಹೆಚ್ಚಾಗಿ ಅದು ಸಾಯುತ್ತಿರುವ ಫಂಗಸ್ಸಿಗೆ ಮೈ ತೋರುವ ಪ್ರತಿಕ್ರಿಯೆ. ನೀವಾಗಿ ನಿಲ್ಲಿಸಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಆದರೆ ಮುಖ, ತುಟಿ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಅತಿ ದೊಡ್ಡ ತಪ್ಪು ಯಾವುದು ಗೊತ್ತಾ? ಚೀಟಿ ಇಲ್ಲದೆ ತಂದ, ಸ್ಟೀರಾಯ್ಡ್ ಬೆರೆತ ಕ್ರೀಮ್. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಕೆರೆತ ಎರಡೇ ದಿನದಲ್ಲಿ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ. ಇಂಥ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ. ಆದರೂ ಕೇಳಿದರೆ ಕೊಡುವ ಅಂಗಡಿಗಳಿವೆ. ನಮಗೂ ಸಿಕ್ಕಿತ್ತು.

ಇನ್ನೊಂದು ತಪ್ಪು ತಲೆ ಬೋಳಿಸುವುದು. ಬೋಳಿಸಿದರೂ ಫಂಗಸ್ ಬುಡದಲ್ಲೇ ಉಳಿಯುತ್ತದೆ. ಕ್ಷೌರದ ಯಂತ್ರದಿಂದ ಇನ್ನೊಂದು ಮಗುವಿಗೂ ಹರಡಬಹುದು. ಔಷಧಿ ಶುರುವಾದ ಮೇಲೆ ಮಗು ಶಾಲೆಗೆ ಹೋಗಬಹುದು, ಮನೆಯಲ್ಲೇ ಕೂರಿಸಬೇಕಿಲ್ಲ.

## ಹಂತ 5: ಎಳೆ ಕೂಸಿನ ತಲೆಯ ಹಳದಿ ಪೊರೆ

ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಎಷ್ಟೋ ಕೂಸುಗಳ ನೆತ್ತಿಯಲ್ಲಿ ಹಳದಿ, ಜಿಡ್ಡು ಜಿಡ್ಡಾದ ಪೊರೆ ಕಟ್ಟುತ್ತದೆ. ಡಾಕ್ಟರುಗಳು ಕ್ರೇಡಲ್ ಕ್ಯಾಪ್ ಎನ್ನುತ್ತಾರೆ. ಇದು ಕೊಳೆಯಲ್ಲ, ಅಂಟುವುದಿಲ್ಲ, ಕೂಸಿಗೆ ಅಷ್ಟಾಗಿ ಕೆರೆತವೂ ಇರುವುದಿಲ್ಲ. ಹೆಚ್ಚಿನವರಲ್ಲಿ ವರ್ಷದೊಳಗೆ ತಾನೇ ಹೋಗುತ್ತದೆ.

ತೆಗೆಯಬೇಕು ಎನಿಸಿದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಸ್ವಲ್ಪ ಬೇಬಿ ಆಯಿಲ್ ಸವರಿ. ಪೊರೆ ಮೆತ್ತಗಾದ ಮೇಲೆ ಮೃದು ಬ್ರಷ್ಷಿನಿಂದ ಹಗುರವಾಗಿ ಉಜ್ಜಿ. ಮಿಡಿಯುವ ನೆತ್ತಿಯ ಮೇಲೂ ಹಗುರವಾಗಿ ಉಜ್ಜಬಹುದು, ಏನೂ ಆಗದು. ನಂತರ ಬೇಬಿ ಶಾಂಪೂ ಹಾಕಿ ಎಣ್ಣೆ ಪೂರ್ತಿ ಹೋಗುವಂತೆ ತೊಳೆಯಿರಿ. ನಮ್ಮ ಮನೆಗಳಲ್ಲಿ ತಪ್ಪುವುದು ಇಲ್ಲೇ. ಬಾಣಂತನದಲ್ಲಿ ನೆತ್ತಿಗೆ ದಿನಾ ಹರಳೆಣ್ಣೆ ಒತ್ತಿ ಹಾಗೇ ಬಿಡುತ್ತೇವೆ. ಆ ಜಿಡ್ಡಿನಲ್ಲಿ ಪೊರೆ ಇನ್ನಷ್ಟು ದಪ್ಪ ಕಟ್ಟುತ್ತದೆ. ಅಜ್ಜಿಗೆ ಬೇಸರವಾಗದಂತೆ ಹೇಳಿ: ಎಣ್ಣೆ ಹಾಕೋಣ ಅಜ್ಜಿ, ಆದರೆ ತೊಳೆದುಬಿಡೋಣ.

ಉಗುರಿನಿಂದ ಕೀಳಬೇಡಿ, ಹಸಿ ಗಾಯವಾಗುತ್ತದೆ. ಪೊರೆ ಮುಖಕ್ಕೆ, ಕತ್ತಿನ ಮಡಿಕೆಗೆ ಹಬ್ಬಿದರೆ, ನೀರು ಸೋರಿದರೆ, ವಾಸನೆ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

## ಹಂತ 6: ಕುರು ಮತ್ತು ಕೀವಿನ ಹಕ್ಕಳೆ

ಬೇಸಿಗೆಯಲ್ಲಿ ತಲೆಯಲ್ಲಿ ಕುರು ಎದ್ದರೆ ಮಾವಿನ ಹಣ್ಣನ್ನು ದೂರುವುದು ರೂಢಿ. ಕುರು ಏಳುವುದು ಬ್ಯಾಕ್ಟೀರಿಯಾದಿಂದ, ಬೆವರು ಮತ್ತು ಕೆರೆತ ಅದಕ್ಕೆ ದಾರಿ ಮಾಡಿಕೊಡುತ್ತವೆ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಮಗುವಿನ ಉಗುರು ಕತ್ತರಿಸಿ.

ಜೇನಿನ ಬಣ್ಣದ ಹಕ್ಕಳೆ ಹರಡುತ್ತಿದ್ದರೆ ಆಂಟಿಬಯೋಟಿಕ್ ಬೇಕಾಗಬಹುದು, ಡಾಕ್ಟರಿಗೆ ತೋರಿಸಿ. ಇಂಥ ಚರ್ಮದ ಸೋಂಕು ಆಗಿ ಕೆಲವು ವಾರದ ಮೇಲೆ ಮಗುವಿನ ಮುಖ ಊದಿದರೆ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅದು ಮೂತ್ರಪಿಂಡದ ತೊಂದರೆಯ ಸೂಚನೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

## ಹಂತ 7: ನುಣ್ಣನೆ ಬೋಳು ಮತ್ತು ಬಿಗಿ ಜಡೆ

ಇದ್ದಕ್ಕಿದ್ದಂತೆ ದುಂಡಗೆ ಕೂದಲು ಹೋಗಿ ಚರ್ಮ ನುಣ್ಣಗಿದ್ದರೆ "ಹುಳ ತಿಂದಿದೆ" ಎನ್ನುತ್ತಾರೆ. ಯಾವ ಹುಳವೂ ತಿಂದಿರುವುದಿಲ್ಲ. ಮೈಯ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಅಲೋಪೇಶಿಯಾ ಏರಿಯೇಟಾ ಎಂದು ಹೆಸರು. ಎಷ್ಟೋ ಮಕ್ಕಳಲ್ಲಿ ಕೂದಲು ಮತ್ತೆ ಬರುತ್ತದೆ. ಬೆಳ್ಳುಳ್ಳಿ, ಈರುಳ್ಳಿ ತಿಕ್ಕಿ ಚರ್ಮ ಸುಡಬೇಡಿ.

ಹಣೆಯ ಅಂಚಿನಲ್ಲಿ, ಬೈತಲೆಯ ಗೆರೆಯಲ್ಲಿ ಕೂದಲು ತೆಳ್ಳಗಾಗಿದ್ದರೆ ಶಾಲೆಯ ಎರಡು ಜಡೆಯನ್ನು ನೋಡಿ. ದಿನಾ ಬಿಗಿದು ಹೆಣೆದು, ಮಡಚಿ ರಿಬ್ಬನ್ ಕಟ್ಟಿದರೆ ಬುಡ ಸೋಲುತ್ತದೆ. ಜಡೆ ಸಡಿಲ ಮಾಡಿ, ಬೈತಲೆ ಆಗಾಗ ಬದಲಿಸಿ, ಮನೆಗೆ ಬಂದ ಕೂಡಲೇ ಬಿಚ್ಚಿ. ವರ್ಷಗಟ್ಟಲೆ ಬಿಟ್ಟರೆ ಅಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು. ಮಗು ತಾನೇ ಕೂದಲು ಕಿತ್ತುಕೊಳ್ಳುತ್ತಿದ್ದರೆ ಬೈಯಬೇಡಿ. ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ.

## ಹಂತ 8: ಯಾವಾಗ ಓಡಬೇಕು, ಹೋಗುವಾಗ ಏನು ಒಯ್ಯಬೇಕು

ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ನಿಲ್ಲಿಸಿ, ಕಾಯದೆ ಹೋಗಿ:

- ತಲೆಯಲ್ಲಿ ಮೆತ್ತಗೆ ಊದಿ ಕೀವು ಸೋರುವ ಜಾಗ
- ಜ್ವರ, ಜೊತೆಗೆ ಕತ್ತಿನಲ್ಲಿ ನೋಯುವ ಗಂಟು
- ಕೆಂಪು ಬಾವು ಹಣೆ ಅಥವಾ ಕಣ್ಣಿನ ಸುತ್ತ ಇಳಿಯುವುದು
- ಎರಡು ತಿಂಗಳೊಳಗಿನ ಕೂಸಿನ ತಲೆಯಲ್ಲಿ ಗುಳ್ಳೆ, ಕೀವು

ಮೆತ್ತಗಿನ ಊತವನ್ನು ಕುರು ಎಂದುಕೊಂಡು ಕೊಯ್ಯಿಸಲು ಹೋಗುವುದೂ ಉಂಟು. ಹುಳುಕಡ್ಡಿ ಬಲಿತು ಊದಿದ್ದಾದರೆ ಕೊಯ್ಯುವುದರಿಂದ ಗುಣವಾಗದು. ಫಂಗಸ್ಸಿನ ಮಾತ್ರೆ ತಡವಾದಷ್ಟೂ ಕಲೆ ಉಳಿದು ಕೂದಲು ಬಾರದೇ ಹೋಗುವ ಭಯ ಜಾಸ್ತಿ. "ಫಂಗಸ್ ಇರಬಹುದಾ, ಪರೀಕ್ಷೆ ಮಾಡಿಸೋಣವಾ" ಎಂದು ನೀವೇ ಬಾಯಿಬಿಟ್ಟು ಕೇಳಿ.

ತುರ್ತು ಇಲ್ಲದಿದ್ದರೆ ಎರಡು ದಿನ ಎಣ್ಣೆ ಹಚ್ಚದೆ ಕರೆದೊಯ್ಯಿರಿ. ಹಂತ 1ರಲ್ಲಿ ತೆಗೆದ ಫೋಟೋಗಳನ್ನು ತಾರೀಖಿನ ಸಮೇತ ತೋರಿಸಿ. ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬು, ಬಾಟಲಿ ಒಂದು ಕವರಿನಲ್ಲಿ ಹಾಕಿಕೊಳ್ಳಿ, ಖಾಲಿಯಾಗಿದ್ದರೂ ಸರಿ. ನಮ್ಮ ಹುಡುಗನನ್ನು ಕರೆದುಕೊಂಡು ಹೋದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ "ಏನು ಹಚ್ಚಿದ್ದೀರಿ?" ಎಂಬುದೇ. ತಂಗಿಗೆ ಹೆಸರು ನೆನಪಿರಲಿಲ್ಲ. ಟ್ಯೂಬನ್ನು ಹಿಂದಿನ ದಿನವೇ ಕಸಕ್ಕೆ ಹಾಕಿದ್ದೆವು.